ಟೈಲರ್ ಸತ್ತ ಕಾಗದ

(ಕಾರ್ಡ್)
ಬನ್ನಂಜೆ, ಉಡುಪಿ
8 ಜುಲೈ 1982

ಶ್ರೀಮತಿ ವಾರಿಜಾ ಅವರಿಗೆ,

ನೀವು ಹೊಲಿಯಲು ಕೊಟ್ಟ ಬಟ್ಟೆ ಸಿದ್ಧವಾಗಿ ಮೂರು ತಿಂಗಳಾಯಿತು. ಯಾವುದಾದರೂ ಗುರುವಾರ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗಬೇಕು. ಬರುವಾಗ ಹಳೆಯ ಚೀಟಿ ತನ್ನಿ.

ಸ್ಟ್ಯಾನಿಸ್ಲಾಸ್ ಟೈಲರ್ ಪರವಾಗಿ,
ಮ್ಯಾಗ್ಡಲಿನ್


ಕಾಪು
17 ಜುಲೈ 1982

ಮ್ಯಾಗ್ಡಲಿನ್ ಮೇಡಂ ಅವರಿಗೆ ವಾರಿಜಾಳ ವಂದನೆಗಳು.

ಕಾರ್ಡ್ ನಾವು ಬೀಡಿ ಕಟ್ಟಿ ಕೊಡುವ ಬ್ರಾಂಚಿನಲ್ಲಿ ಸಿಕ್ಕಿತು. ನನ್ನ ತಂಗಿ ನರ್ಮದಾಳಿಗೆ ಸಂಬಂಧ ಕೂಡಿ ಬಂದಿದೆ. ಶುಭಕಾರ್ಯವಿಲ್ಲದ ಆಟಿ ತಿಂಗಳು ಕಳೆದ ಮೇಲೆ ಹುಡುಗನ ಕಡೆಯವರು ಬರುತ್ತಾರೆ. ಮದುವೆ ನವೆಂಬರಿನಲ್ಲಿ. ಅಲ್ಲಿಯ ತನಕ ನಾನು ಉಡುಪಿಗೆ ಬರುವುದನ್ನು ನನ್ನ ಅಣ್ಣ ಕೂಸಪ್ಪಣ್ಣ ಒಪ್ಪುವುದಿಲ್ಲ. ಬಟ್ಟೆ ಅಲ್ಲೇ ಇರಲಿ. ಕಾರ್ಡ್ ಹಾಕಬೇಡಿ.

ಇನ್ನೊಂದು ಮಾತು. ಎರಡು ವರ್ಷದಲ್ಲಿ ಹತ್ತೊಂಬತ್ತು ಕಾರ್ಡ್ ಬಂದಿವೆ. ಹತ್ತೊಂಬತ್ತರಲ್ಲೂ ಬಟ್ಟೆ ಸಿದ್ಧ ಎಂದೇ ಉಂಟು. ಈ ಮನೆಗೆ ಇನ್ನೂ ಒಂದು ಲಂಗ ಬಂದಿಲ್ಲ. ನಿಮ್ಮ ಟೈಲರ್ ದೊಡ್ಡ ಸುಳ್ಳುಗಾರ.

ವಾರಿಜಾ


(ಇನ್‌ಲ್ಯಾಂಡ್)
ಬನ್ನಂಜೆ
29 ಜುಲೈ 1982

ವಾರಿಜಕ್ಕನವರಿಗೆ,

ಇದನ್ನು ಒಬ್ಬರೇ ಕೂತು ಓದಿ. ಓದಿದ ಮೇಲೆ ಒಲೆಗೆ ಹಾಕಿ.

ನಿಮ್ಮ ಕೊನೆಯ ಸಾಲಿನ ಕುಟುಕು ನನಗೆ ಸರಿಯಾಗಿ ತಾಗಿತು. ಸುಳ್ಳು ಟೈಲರರದ್ದಲ್ಲ, ನನ್ನದು. ಅವರು ಕೆಳಗೆ ತಮ್ಮ ಪಾಡಿಗೆ ಮೆಷಿನ್ ತುಳಿಯುತ್ತಾರೆ. ಅವರ ಅಂಗಡಿಯ ಮೆಟ್ಟಿಲು ಹತ್ತಿದರೆ ನಮ್ಮ ಕ್ಲಿನಿಕ್ ಎಂಬುದು ನಿಮಗೆ ಗೊತ್ತೇ ಉಂಟು. ಆದರೆ ನೀವು ನನ್ನನ್ನು ಕಂಡಿಲ್ಲ. ನಾನು ಕಾರ್ಡ್ ಬರೆಯುವ ಕೆಲಸಕ್ಕೆ ಸೇರಿದ್ದು ಮೇ ತಿಂಗಳಿನಲ್ಲಿ. ಊರು ಬೆಳ್ಮಣ್, ವಯಸ್ಸು ಹತ್ತೊಂಬತ್ತು. ದಯವಿಟ್ಟು ಮೇಡಂ ಅನ್ನಬೇಡಿ, ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಇನ್‌ಸ್ಪೆಕ್ಟರು ಬಂದು, ಶಾಲೆಯ ಪ್ರಯೋಗಾಲಯಕ್ಕೆ ಹೋಗುತ್ತೀರಾ ಎಂದು ಕೇಳಿದ್ದರು. ಹೌದು ಎನ್ನಬೇಕೆಂದು ನಮಗೆ ಮೊದಲೇ ಹೇಳಿಕೊಟ್ಟಿದ್ದರು. ನಾನು ಎದ್ದು ನಿಂತು, ಅದಕ್ಕೆ ಬೀಗ ಬಿದ್ದು ಮೂರು ವರ್ಷವಾಯಿತು ಸಾರ್, ಒಳಗೆ ತೆಂಗಿನಕಾಯಿ ಉಂಟು ಎಂದುಬಿಟ್ಟೆ. ಆಮೇಲೆ ಆ ಬೆಂಚಿನಲ್ಲಿ ಕೂರಲು ಆಗಲಿಲ್ಲ. ಅಲ್ಲಿಂದ ಈಚೆಗೆ ಎಲ್ಲಿಯೂ ಹೆಚ್ಚು ದಿನ ಕೂತಿಲ್ಲ. ಗೇರುಬೀಜದ ಫ್ಯಾಕ್ಟರಿಯಲ್ಲಿ ನಾಲ್ಕು ತಿಂಗಳು, ಪ್ರೆಸ್ಸಿನಲ್ಲಿ ಎರಡು. ಇಲ್ಲಿ ಇರಬೇಕೆಂದು ಆಸೆ. ಆದರೆ ದಿನಕ್ಕೆ ನಲವತ್ತು ಸಲ ಬಟ್ಟೆ ಸಿದ್ಧವಾಗಿದೆ ಎಂದು ಬರೆದು ಬರೆದು ಕೈಗೆ ಅಸಹ್ಯ ಹಿಡಿದಿದೆ.

ಇಲ್ಲಿ ಯಾರೂ ಆ ಶಬ್ದ ಹೇಳುವುದಿಲ್ಲ, 'ಆ ತೊಂದರೆ' ಎನ್ನುತ್ತಾರೆ. ನಾನು ಬರೆಯುತ್ತೇನೆ. ನಿಮ್ಮ ಮಗಳು ಸುಭಾಷಿಣಿಯ ಎಡ ಮೊಣಕೈಯಲ್ಲಿರುವುದು ಕುಷ್ಠದ ಮಚ್ಚೆ. ಬಿಳಿ ಮಾತ್ರೆ ರಕ್ತಕ್ಕಲ್ಲ, ಅದಕ್ಕೆ. ದಿನವೂ ನುಂಗಿದರೆ ವಾಸಿಯಾಗುತ್ತದೆ, ಕೈಗೆ ಏನೂ ಆಗುವುದಿಲ್ಲ. ಆದರೆ ವರ್ಷಗಟ್ಟಲೆ ನುಂಗಬೇಕು. ನಡುವೆ ಬಿಟ್ಟರೆ ಮೊಣಕೈಯ ನರ ಕೆಡುತ್ತದೆ, ಮೊದಲು ಕಿರುಬೆರಳು ಮಡಚಿಕೊಳ್ಳುತ್ತದೆ, ಆಮೇಲೆ ಅದರ ಪಕ್ಕದ್ದು. ಮಡಚಿದ ಬೆರಳನ್ನು ಮಾತ್ರೆ ಬಿಡಿಸುವುದಿಲ್ಲ. ಚೀಟಿಯಲ್ಲಿ ನಿಮ್ಮ ಕೊನೆಯ ಸಹಿ ಮಾರ್ಚಿನದ್ದು. ಏಪ್ರಿಲಿನಿಂದ ಆ ಹುಡುಗಿ ಏನೂ ನುಂಗಿಲ್ಲ.

ಮದುವೆ ನವೆಂಬರಿನಲ್ಲಿ ಎಂದಿರಿ. ನರಕ್ಕೆ ಆಟಿಯೂ ಇಲ್ಲ, ಮುಹೂರ್ತವೂ ಇಲ್ಲ. ಮಣಿಪಾಲದಿಂದ ಡಾಕ್ಟರ್ ಮನೋರಮಾ ಗುರುವಾರ ಮಾತ್ರ ಬರುತ್ತಾರೆ. ಕರೆತನ್ನಿ.

ಈ ಕಾಗದವನ್ನು ಮಗುವಿಗೆ ತೋರಿಸಬೇಡಿ.

ಮ್ಯಾಗ್ಡಲಿನ್


ಕಾಪು
12 ಆಗಸ್ಟ್ 1982

ಮ್ಯಾಗ್ಡಲಿನ್ ಅವರಿಗೆ,

ಓದಿದೆ. ಒಬ್ಬಳೇ ಓದಿದೆ. ಸುಟ್ಟೆ.

ಕೆಲವು ಪ್ರಶ್ನೆಗಳಿವೆ. ಬೆರಳು ಮಡಚಲು ಎಷ್ಟು ದಿನ ಬೇಕು? ಅದು ಬಲಗೈಗೂ ಬರುತ್ತದಾ, ಬರೆಯುವ ಕೈಗೆ? ಒಂದೇ ಚಾಪೆಯಲ್ಲಿ ಮಲಗಿದರೆ ಅಮ್ಮನಿಗೆ ಬರುತ್ತದಾ? ಶಾಲೆಯ ಹೂಜಿಯಿಂದ ನೀರು ಕುಡಿಯಬಹುದಾ? ಮಚ್ಚೆಗೆ ಪಿನ್ ಚುಚ್ಚಿದರೆ ಗೊತ್ತಾಗುವುದಿಲ್ಲ. ರಕ್ತ ಬರುತ್ತದೆ, ನೋವಿಲ್ಲ. ಅದು ಒಳ್ಳೆಯದಾ ಕೆಟ್ಟದ್ದಾ?

ಉತ್ತರ ಬೇಗ ಬರೆಯಿರಿ.

ವಾರಿಜಾ


ಬನ್ನಂಜೆ
20 ಆಗಸ್ಟ್ 1982

ವಾರಿಜಕ್ಕ,

ನಿಮ್ಮ ಕಾಗದ ಓದಿ ನಾನು ಮೆಟ್ಟಿಲಲ್ಲೇ ಕೂತುಬಿಟ್ಟೆ. ನಿಜ ಹೇಳಿದರೆ ಜನ ಓಡಿಹೋಗುತ್ತಾರೆ ಎಂದು ಇಲ್ಲಿ ಎಲ್ಲರೂ ನನ್ನನ್ನು ಹೆದರಿಸಿದ್ದರು. ನೀವು ಓಡಲಿಲ್ಲ, ಪ್ರಶ್ನೆ ಕೇಳಿದಿರಿ. ಕ್ಲಿನಿಕ್ಕಿಗೆ ಬರುವ ತಾಯಂದಿರಲ್ಲಿ ಇಷ್ಟು ನೆಟ್ಟಗೆ ಕೇಳಿದವರನ್ನು ನಾನು ಕಂಡಿಲ್ಲ. ಅಕ್ಷರವೂ ಎಷ್ಟು ದುಂಡಗೆ!

ಡಾಕ್ಟರನ್ನು ಕೇಳಿ ಬರೆಯುತ್ತಿದ್ದೇನೆ. ಬೆರಳಿಗೆ ದಿನದ ಲೆಕ್ಕ ಇಲ್ಲ, ಆದ್ದರಿಂದ ತಡ ಮಾಡಬಾರದು. ಬಲಗೈಗೆ ಈಗ ಏನೂ ಇಲ್ಲ. ಒಂದು ಮಚ್ಚೆಯ ಮಗುವಿನಿಂದ ಇನ್ನೊಬ್ಬರಿಗೆ ಬರುವುದಿಲ್ಲ. ಚಾಪೆ, ಹೂಜಿ, ಬಟ್ಟಲು ಎಲ್ಲ ಒಂದೇ ಇರಲಿ. ಪಿನ್ ಚುಚ್ಚಬೇಡಿ. ನೋವಾಗದಿರುವುದು ಕೆಟ್ಟದ್ದು.

ಮಾತ್ರೆಯನ್ನು ಅಂಚೆಯಲ್ಲಿ ಕಳಿಸುವಂತಿಲ್ಲ. ನಡುವೆ ಬಿಟ್ಟ ಮಕ್ಕಳನ್ನು ಡಾಕ್ಟರ್ ನೋಡದೆ ಕೊಡುವುದಿಲ್ಲ. ಯಾವ ಗುರುವಾರ ಬರುತ್ತೀರಿ?

ಮ್ಯಾಗ್ಡಲಿನ್


ಕಾಪು
3 ಸೆಪ್ಟೆಂಬರ್ 1982

ಮ್ಯಾಗ್ಡಲಿನ್ ಅವರಿಗೆ,

ಬರಲು ಆಗುವುದಿಲ್ಲ. ಕಾರಣ ಕೇಳಬೇಡಿ.

ಸುಭಾಷಿಣಿ ತನ್ನ ಚಾಪೆಯನ್ನು ಅಟ್ಟಕ್ಕೆ ಒಯ್ದಿದ್ದಾಳೆ. ಯಾರೂ ಹೇಳಿಲ್ಲ, ಅವಳೇ ಹೋದಳು. ಓದಲು ಅಲ್ಲಿ ಗಲಾಟೆ ಇಲ್ಲ ಎಂದು ಮನೆಯಲ್ಲಿ ಹೇಳಿದ್ದಾಳೆ. ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂರುತ್ತಾಳೆ. ನೀರು ಕುಡಿಯುವುದಿಲ್ಲ. ಬರುವುದಿಲ್ಲ ಎಂದು ನೀವು ಬರೆದದ್ದು ನಿಜವೇ ಇರಬಹುದು. ಆದರೆ ಹೂಜಿಗೆ ನಲವತ್ತು ಮಕ್ಕಳು.

ಶಾಲೆ ಬಿಟ್ಟ ಮೇಲೆ ನೀವು ಏನು ಮಾಡಿದಿರಿ? ಮನೆಯಲ್ಲಿ ಕೂರಲು ಬಿಟ್ಟರಾ?

ವಾರಿಜಾ


ಬನ್ನಂಜೆ
9 ಸೆಪ್ಟೆಂಬರ್ 1982

ವಾರಿಜಕ್ಕ,

ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಮಗುವಿಗೆ ಯಾರು ಹೇಳಿದರು? ಅರ್ಧ ಹೇಳಿ ಅಟ್ಟಕ್ಕೆ ಹತ್ತಿಸಿದಿರಾ? ಅಥವಾ ಕಾಗದ ಸುಡದೆ ಎಲ್ಲಾದರೂ ಇಟ್ಟಿರಾ? ಹನ್ನೊಂದು ವರ್ಷದ ಹುಡುಗಿ ನೀರು ಕುಡಿಯದೆ ಶಾಲೆಯಲ್ಲಿ ಕೂತಿದ್ದಾಳೆ, ನೀವು ಅದನ್ನು ಬೇರೆ ಯಾರದೋ ಮನೆಯ ಸುದ್ದಿಯಂತೆ ಬರೆದಿದ್ದೀರಿ!

ನಾನು ಶಾಲೆ ಬಿಟ್ಟ ಕಥೆ ಹುಡುಗಿಗೆ ಹೇಳಬೇಡಿ. ನಾನು ಬಿಟ್ಟದ್ದು ಸಿಟ್ಟಿಗೆ, ಹೆದರಿ ಅಲ್ಲ. ಆದರೂ ದಿನವೂ ಒಮ್ಮೆ ಆ ಬೆಂಚು ನೆನಪಾಗುತ್ತದೆ.

ಬರುವ ಭಾನುವಾರದ ನಂತರದ ಭಾನುವಾರ, ಹತ್ತೊಂಬತ್ತಕ್ಕೆ, ನಾನೇ ಕಾಪುವಿಗೆ ಬರುತ್ತೇನೆ. ನಿಮ್ಮ ಕೂಸಪ್ಪಣ್ಣನ ಎದುರಿಗೇ ಮಾತಾಡುತ್ತೇನೆ.

ಮ್ಯಾಗ್ಡಲಿನ್


ಕಾಪು
13 ಸೆಪ್ಟೆಂಬರ್ 1982

ಮ್ಯಾಗ್ಡಲಿನ್ ಬಾಯಿಗೆ,

ಬರಬೇಡಿ. ದಮ್ಮಯ್ಯ, ಬರಬೇಡಿ.

ಅಮ್ಮನಿಗೆ ಸಿಟ್ಟು ಮಾಡಬೇಡಿ. ಅಮ್ಮನಿಗೆ ಓದಲು ಬರುವುದಿಲ್ಲ. ಸಹಿ ಮಾತ್ರ ಬರುತ್ತದೆ, ಅದನ್ನು ನಾನೇ ಕಲಿಸಿದ್ದು. ಮನೆಯ ಎಲ್ಲ ಕಾಗದ ಓದುವುದು, ಬರೆಯುವುದು ನಾನು. ಜುಲೈಯ ಕಾಗದ ಅಮ್ಮ ಹೇಳಿ ಬರೆಸಿದ್ದು. ಲಂಗದ ಸಾಲು ನಾನು ಸೇರಿಸಿದ್ದು. ಆಮೇಲಿನ ಎರಡು ಕಾಗದ ನನ್ನವೇ. ಬ್ರಾಂಚಿಗೆ ಬೀಡಿ ಕೊಡಲು ಹೋಗುವುದೂ ನಾನೇ, ನಿಮ್ಮ ಉತ್ತರಗಳನ್ನು ಅಮ್ಮನಿಗೆ ತೋರಿಸಲಿಲ್ಲ. ನಾನು ಸುಭಾಷಿಣಿ.

ಪ್ರತಿ ತಿಂಗಳು ಅಮ್ಮ ಟೈಲರಲ್ಲಿಗೆ ಎಂದು ಹೋಗಿ ಬರಿಗೈಯಲ್ಲಿ ಬರುತ್ತಿದ್ದಳು. "ಆ ಮನುಷ್ಯ ಹೊಲಿಯಲೇ ಇಲ್ಲ ಮಗಾ" ಎನ್ನುತ್ತಿದ್ದಳು. ಎರಡು ವರ್ಷ ಆ ಟೈಲರನ್ನು ಬೈದಿದ್ದೇನೆ. ಮಾತ್ರೆ ರಕ್ತಕ್ಕೆ ಎಂದೇ ನಂಬಿದ್ದೆ.

ನಿಮ್ಮ ಇನ್‌ಲ್ಯಾಂಡ್ ಬಂದ ದಿನ ಅಮ್ಮ ಬೀಡಿ ಕಟ್ಟುತ್ತಾ "ಎಂತ ಬರೆದಿದ್ದಾರೆ, ಓದು" ಎಂದಳು. ನಾನು ಮೊದಲು ಮನಸ್ಸಿನಲ್ಲಿ ಓದಿದೆ. ಆ ಶಬ್ದ ಬಂತು. ಆಮೇಲೆ ನನ್ನ ಹೆಸರು ಬಂತು. ಅಮ್ಮ "ಎಂತದಾ? ನಿನ್ನ ಬಾಯಿಗೆ ಎಂತ ಆಯಿತು?" ಎಂದಳು. ಏನಾದರೂ ಹೇಳಬೇಕಿತ್ತು. "ಟೈಲರ್ ಸತ್ತರಂತೆ, ಅಂಗಡಿ ಮುಚ್ಚಿದೆಯಂತೆ" ಎಂದೆ. ಅಮ್ಮನ ಮಡಿಲಿನ ಮೊರ ಜಾರಿ ಹೊಗೆಸೊಪ್ಪು ಎಲ್ಲ ಚೆಲ್ಲಿತು. ಬಚ್ಚಲಿಗೆ ಹೋಗಿ ಅತ್ತಳು. ಟೈಲರಿಗೆ ಯಾಕೆ ಅಷ್ಟು ಅಳುವುದು ಎಂದು ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುತ್ತದೆ. ಕಾರ್ಡಿನಲ್ಲಿ ಅಂಗಡಿ ಎಂದರೆ ಕ್ಲಿನಿಕ್ ತಾನೇ, ಅಂಗಡಿ ಮುಚ್ಚಿತು ಎಂದರೆ ಮಾತ್ರೆ ಮುಗಿಯಿತು ಎಂದು ಅವಳು ತಿಳಿದಿದ್ದಾಳೆ. ಮದುವೆ ಮುಗಿದ ಮೇಲೂ ಬರುವುದಿಲ್ಲ. ನಾನೇ ಮುಚ್ಚಿಸಿದೆ.

ಕೂಸಪ್ಪ ಮಾವ ಹಿಂದೆ ಒಮ್ಮೆ ಅಮ್ಮನಿಗೆ ಹೇಳುವುದು ಕೇಳಿಸಿತ್ತು. "ಮದುವೆ ಮುಗಿಯುವ ತನಕ ಹುಡುಗಿಯ ಕೈ ಯಾರಿಗೂ ಕಾಣಬಾರದು. ನಮ್ಮ ಕುಲದ ಬಳಿ ತಾಯಿಯಿಂದ ಬರುವುದು. ಅಕ್ಕನ ಮಗಳಿಗೆ ಉಂಟು ಎಂದಾದರೆ ತಂಗಿಗೂ ಉಂಟು ಎಂದೇ ಜನ ಹೇಳುವುದು." ನಮ್ಮಲ್ಲಿ ಮಕ್ಕಳು ತಾಯಿಯ ಕುಲಕ್ಕೆ, ತಾಯಿಯ ಬಳಿಗೆ ಸೇರಿದವರು. ನನ್ನಿಂದ ಚಿಕ್ಕಮ್ಮನ ಮದುವೆ ನಿಂತರೆ ಅಮ್ಮ ಬದುಕುವುದಿಲ್ಲ. ನನಗೆ ಗೊತ್ತಾಗಿದೆ ಎಂದು ಗೊತ್ತಾದರೂ ಬದುಕುವುದಿಲ್ಲ. ನನಗೆ ಗೊತ್ತಾಗಬಾರದೆಂದೇ ಇಷ್ಟು ಸುಳ್ಳು ಹೇಳಿದವಳು ಅವಳು.

ನೀವು ಒಂದು ಕಾರ್ಡ್ ಹಾಕಿ. ಟೈಲರ ಮಗ ಅಂಗಡಿ ತೆರೆದ ಎಂದು ಬರೆಯಿರಿ. ಆಗ ಅಮ್ಮ ಬರುತ್ತಾಳೆ.

ಕಿರುಬೆರಳು ಬೆಳಿಗ್ಗೆ ಸ್ವಲ್ಪ ಗಟ್ಟಿ ಇರುತ್ತದೆ. ಆಮೇಲೆ ಸರಿಯಾಗುತ್ತದೆ.

ಸುಭಾಷಿಣಿ, ಆರನೇ ಕ್ಲಾಸ್


ಬನ್ನಂಜೆ
21 ಸೆಪ್ಟೆಂಬರ್ 1982

ಸುಭಾಷಿಣಿ,

ಭಾನುವಾರ ನಾನು ಬರಲಿಲ್ಲ. ಬೆಳ್ಮಣ್ಣಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಎರಡು ಬಸ್ಸನ್ನು ಹೋಗಲು ಬಿಟ್ಟು ಮನೆಗೆ ಹಿಂತಿರುಗಿದೆ.

ನಿನ್ನ ಕ್ಷಮೆ ಕೇಳಿದರೆ ಸಾಲದು ಎಂದು ಗೊತ್ತು. ಬರೆದದ್ದು ನಿಜ ಎಂಬುದೊಂದೇ ನನಗೆ ದೊಡ್ಡದಾಗಿತ್ತು. ಅದನ್ನು ಯಾರು ಓದುತ್ತಾರೆ ಎಂದು ಕೇಳಿಕೊಳ್ಳಲಿಲ್ಲ.

ಅಪೊಲೋನಿಯಾ ಸಿಸ್ಟರ್ ಇಲ್ಲಿ ನಮಗೆಲ್ಲ ಹಿರಿಯರು. ಅವರಿಗೆ ನಾನೇ ಹೋಗಿ ಎಲ್ಲ ಹೇಳಿದೆ. ಎದುರಿಗೆ ಕೂರಿಸಿಕೊಂಡು ಪೂರ್ತಿ ಕೇಳಿದರು. ಆಮೇಲೆ, "ನಿನಗೆ ಸತ್ಯ ಅಂದರೆ ನಾಲಗೆ ತುರಿಸಿದ ಹಾಗೆ ಮಾರಾಯ್ತಿ, ತುರಿಸಿಕೊಂಡರೆ ಮುಗಿಯಿತು. ರಕ್ತ ಬರುವುದು ಬೇರೆಯವರಿಗೆ" ಎಂದರು. ಟೈಲರ ಹೆಸರಿನ ಕಾರ್ಡ್ ಯಾಕೆ ಶುರುವಾಯಿತು ಎಂದೂ ಹೇಳಿದರು. ಮೊದಲು ಕ್ಲಿನಿಕ್ಕಿನ ಹೆಸರಿನಲ್ಲೇ ಹೋಗುತ್ತಿತ್ತಂತೆ. ಕಾರ್ಕಳದ ಆಚೆ ಒಂದು ಊರಿನಲ್ಲಿ ಅಂಥ ಒಂದು ಕಾರ್ಡನ್ನು ಯಾರೋ ಹೋಟೆಲಿನಲ್ಲಿ ಗಟ್ಟಿಯಾಗಿ ಓದಿದರು. ಆ ಮನೆಯವರು ವಾರದೊಳಗೆ ಊರು ಬಿಟ್ಟರು. ಅವರ ಮಗುವಿನ ಚೀಟಿ ಇನ್ನೂ ನಮ್ಮ ಪೆಟ್ಟಿಗೆಯಲ್ಲಿ ಉಂಟು. ಮಗು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಇಷ್ಟಾದರೂ ನೀನು ಹೇಳಿದ ಕಾರ್ಡ್ ನನ್ನಿಂದ ಬರೆಯಲು ಆಗಲಿಲ್ಲ. ಟೈಲರಿಗೆ ಮಗ ಇಲ್ಲ. ಮೂರು ಕಾರ್ಡ್ ಹರಿದೆ. ಕೊನೆಗೆ ಕೆಳಗೆ ಹೋಗಿ ಸ್ಟ್ಯಾನಿಸ್ಲಾಸ್ ಟೈಲರಿಗೇ ಹೇಳಿದೆ, ಕಾಪುವಿನಲ್ಲಿ ನೀವು ಸತ್ತು ಒಂದೂವರೆ ತಿಂಗಳಾಯಿತು ಎಂದು. ಅವರು ಮೆಷಿನ್ ನಿಲ್ಲಿಸಿ ಶಿಲುಬೆಯ ಗುರುತು ಹಾಕಿಕೊಂಡರು. "ನನ್ನ ಹೆಸರಿನಲ್ಲಿ ಜಿಲ್ಲೆಗೆಲ್ಲ ಬಟ್ಟೆ ಸಿದ್ಧ ಮಾಡಿದಿರಿ, ಈಗ ನನ್ನನ್ನೂ ಸಿದ್ಧ ಮಾಡಿದಿರಾ?" ಎಂದರು. ಆಮೇಲೆ ಹುಡುಗಿಗೆ ಎಷ್ಟು ವರ್ಷ ಎಂದು ಕೇಳಿ ಕಪಾಟು ತೆರೆದರು. ನೀಲಿ ಬಟ್ಟೆ, ಅಂಚಿಗೆ ಹಳದಿ ಪಟ್ಟಿ. ಕತ್ತರಿಸಿಯೇಬಿಟ್ಟರು.

ಇದರ ಹಿಂದೆಯೇ ಒಂದು ಕಾರ್ಡ್ ಬರುತ್ತದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದನ್ನು ಇದ್ದ ಹಾಗೆಯೇ ಓದು.

ಚಾಪೆ ಕೆಳಗೆ ತಾ. ಹೂಜಿಯ ನೀರು ಕುಡಿ. ಶಾಲೆ ಬಿಡುವ ಮಾತು ನನ್ನ ಹತ್ತಿರ ಎತ್ತಬೇಡ.

ಮ್ಯಾಗ್ಡಲಿನ್


(ಕಾರ್ಡ್)
ಬನ್ನಂಜೆ
21 ಸೆಪ್ಟೆಂಬರ್ 1982

ವಾರಿಜಾ ಅವರಿಗೆ,

ನಾನು ಸತ್ತಿದ್ದೇನೆಂದು ನಿಮಗೆ ಸುದ್ದಿ ಬಂದಿತ್ತಂತೆ. ಸತ್ತಿಲ್ಲ. ಅಂಗಡಿ ತೆರೆದಿದೆ. ಮಗಳ ಲಂಗಕ್ಕೆ ಬಟ್ಟೆ ಕತ್ತರಿಸಿದ್ದೇನೆ. ಅಳತೆಗೆ ಹುಡುಗಿಯೇ ಬೇಕು. ಮದುವೆಗೆ ಮೊದಲು ಆಗಬೇಕಾದರೆ ಅಕ್ಟೋಬರ್ 7, ಗುರುವಾರ ಕರೆತನ್ನಿ.

ಸ್ಟ್ಯಾನಿಸ್ಲಾಸ್


ಕಾಪು
12 ಅಕ್ಟೋಬರ್ 1982

ಮ್ಯಾಗ್ಡಲಿನ್ ಬಾಯಿಗೆ,

ಲಂಗ ಸರಿಯಾಗಿದೆ. ಗುರುವಾರ ನಾವು ಕ್ಲಿನಿಕ್ಕಿನಿಂದ ಇಳಿಯುವಷ್ಟರಲ್ಲಿ ಹೊಲಿದು ಮುಗಿಸಿದ್ದರು. ಎರಡು ವರ್ಷದ ಉದ್ದ ಬಿಟ್ಟಿದ್ದಾರೆ, ಮಡಚಿ ಹೊಲಿದಿದ್ದಾರೆ.

ಕಾರ್ಡ್ ಓದಿದಾಗ ಅಮ್ಮ ನನ್ನ ಮುಖವನ್ನೇ ನೋಡಿದಳು. "ಮತ್ತೆ ಸತ್ತದ್ದು ಯಾರು?" ಎಂದು ಕೇಳಿದಳು. ನಾನು ತಪ್ಪು ಓದಿದ್ದೆ ಎಂದೆ. ಓದುವುದರಲ್ಲಿ ನಾನು ಕ್ಲಾಸಿಗೆ ಮೊದಲು. ಮದುವೆಯ ಲಂಗ ಎಂದದ್ದಕ್ಕೆ ಮಾವನೂ ಒಪ್ಪಿದರು.

ನೀವು ಚೀಟಿ ಬರೆಯುವಾಗ ನನ್ನ ಹೆಸರು ಗೊತ್ತಿಲ್ಲದವರ ಹಾಗೆ "ಹುಡುಗಿಯ ಹೆಸರೆಂತ?" ಎಂದು ಕೇಳಿದಿರಿ. ಅದು ಸುಳ್ಳಲ್ವಾ?

ನಾನೂ ಒಂದು ಮಾಡಿದೆ. ಒಳಗೆ ಡಾಕ್ಟರ್ ಕಣ್ಣು ಮುಚ್ಚಲು ಹೇಳಿದರು. ಹತ್ತಿಯ ತುದಿಯಿಂದ ಮುಟ್ಟುತ್ತೇನೆ, ಮುಟ್ಟಿದಲ್ಲಿ ಬೆರಳು ಇಟ್ಟು ತೋರಿಸು ಎಂದರು. ಎದುರಿಗೆ ಅಮ್ಮ ಕೂತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ನಾನು ರೆಪ್ಪೆಯ ಸಂದಿನಿಂದ ನೋಡಿದೆ. ಮಚ್ಚೆಯ ಮೇಲೆ ಮುಟ್ಟಿದ್ದು ಒಂದೂ ಗೊತ್ತಾಗಲಿಲ್ಲ. ಆದರೆ ಕಾಣುತ್ತಿತ್ತು. ಎಲ್ಲವನ್ನೂ ಸರಿಯಾಗಿ ತೋರಿಸಿದೆ. ಡಾಕ್ಟರಿಗೆ ಆಶ್ಚರ್ಯವಾಯಿತು. ಮತ್ತೆ ಮಾಡಿದರು. ಮತ್ತೆ ತೋರಿಸಿದೆ. "ಸ್ಪರ್ಶ ಬಂದಿದೆ, ಹೀಗೇ ಇದ್ದರೆ ಮಾರ್ಚಿಗೆ ಮಾತ್ರೆ ನಿಲ್ಲಿಸಬಹುದು" ಎಂದರು. ಅಮ್ಮ ಇಳಿಯುವಾಗ ಮೆಟ್ಟಿಲಿಗೆ ಕೈಮುಗಿದಳು.

ಈಗ ಏನು ಮಾಡುವುದು?

ಸುಭಾಷಿಣಿ


ಬನ್ನಂಜೆ
18 ಅಕ್ಟೋಬರ್ 1982

ಸುಭಾಷಿಣಿ,

ಹೌದು, ಹೆಸರು ಕೇಳಿದ್ದು ಸುಳ್ಳು. ಇಡೀ ದಿನ ಬಾಯಿ ಕಹಿಯಾಗಿತ್ತು.

ಮಾರ್ಚಿಗೆ ಮಾತ್ರೆ ನಿಂತರೆ ನಿನ್ನ ಬೆರಳು ಉಳಿಯುವುದಿಲ್ಲ. ಅದು ನಿನಗೂ ಗೊತ್ತು, ಗೊತ್ತಿದ್ದೇ ಕೇಳಿದ್ದೀಯ. ನಾನು ಈಗಲೇ ಹೋಗಿ ಡಾಕ್ಟರಿಗೆ ಹೇಳಬಹುದು. ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ, ನಿನ್ನ ಕಾಗದ ತೋರಿಸಬೇಕು. ಅವರು ನಿನ್ನ ಅಮ್ಮನನ್ನು ಕೂರಿಸಿ ಹೇಳುತ್ತಾರೆ. ಆಗ ನಾನು ಜುಲೈಯಲ್ಲಿ ಮಾಡಿದ್ದನ್ನೇ ಇನ್ನೊಮ್ಮೆ ಮಾಡಿದ ಹಾಗೆ. ಹೇಳದಿದ್ದರೆ ನಿನ್ನ ಬೆರಳಿಗೆ ನಾನು ಲೆಕ್ಕ ಕೊಡಬೇಕು. ಮೂರು ದಿನದಿಂದ ಈ ಎರಡು ಗೋಡೆಯ ನಡುವೆ ತಿರುಗುತ್ತಿದ್ದೇನೆ.

ನವೆಂಬರ್ 4 ಗುರುವಾರ. ಮಾತ್ರೆಗೆ ಬರುತ್ತೀರಿ. ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದು ನೀನೇ ಡಾಕ್ಟರಿಗೆ ಹೇಳು. ಅಲ್ಲಿಯ ತನಕ ಬಾಯಿ ಮುಚ್ಚಿರುತ್ತೇನೆ. ಅದಕ್ಕಿಂತ ಒಂದು ದಿನ ಹೆಚ್ಚು ನನ್ನಿಂದ ಆಗದು. ಇದನ್ನು ಮೊದಲೇ ತಿಳಿಸುತ್ತಿದ್ದೇನೆ.

ಮ್ಯಾಗ್ಡಲಿನ್


ಕಾಪು
6 ನವೆಂಬರ್ 1982

ಮ್ಯಾಗ್ಡಲಿನ್ ಬಾಯಿಗೆ,

ಮೊನ್ನೆ ನೀವು ಬಾಗಿಲ ಹೊರಗೆ ನಿಂತಿದ್ದಿರಿ. ನಿಮ್ಮ ಚಪ್ಪಲಿ ಕಾಣುತ್ತಿತ್ತು. ಒಳಗೆ ಆದದ್ದನ್ನು ಬರೆಯುತ್ತೇನೆ.

ನಾನು ಹೇಳಲೇ ಇಲ್ಲ. ಡಾಕ್ಟರ್ ಮಾತ್ರೆ ಎಣಿಸಿ ಕೊಟ್ಟು ಮುಂದಿನವರನ್ನು ಕರೆದರು. ಅಮ್ಮ ಎದ್ದಳು. ಎದ್ದವಳು ನನ್ನ ಹಿಂದೆ ಬಂದು ನಿಂತಳು. ತನ್ನ ಸೆರಗನ್ನು ನನ್ನ ಕಣ್ಣಿಗೆ ಎರಡು ಸುತ್ತು ಸುತ್ತಿ ಗಟ್ಟಿಯಾಗಿ ಹಿಡಿದಳು. "ಈಗ ನೋಡಿ ಡಾಕ್ಟ್ರೇ" ಎಂದಳು. "ಹೋದ ಸಲ ಇವಳ ರೆಪ್ಪೆ ಅಲುಗುತ್ತಿತ್ತು."

ಕತ್ತಲೆಯಲ್ಲಿ ಹೊಗೆಸೊಪ್ಪಿನ ವಾಸನೆ ಬಂತು. ನಾನು ಕಾದೆ. ಬಲಗೈಯಲ್ಲಿ ಮುಟ್ಟಿದ್ದು ಗೊತ್ತಾಯಿತು, ತೋರಿಸಿದೆ. ಆಮೇಲೆ ಬಹಳ ಹೊತ್ತು ಯಾರೂ ಮುಟ್ಟಲಿಲ್ಲ. ಯಾಕೆ ನಿಲ್ಲಿಸಿದರು ಎಂದು ಕೇಳಿದೆ. ನಿಲ್ಲಿಸಿರಲಿಲ್ಲವಂತೆ.

ಇನ್ನೂ ಮೂರು ವರ್ಷವಾದರೂ ಬೇಕು ಎಂದರು. ಕಿರುಬೆರಳಿಗೆ ದಿನಾ ಎಣ್ಣೆ ಹಚ್ಚಿ ನೀವಲು ಹೇಳಿದರು.

ಬಸ್ಸು ಕಟಪಾಡಿಗೆ ಬಂತು. ಅಮ್ಮ ಕಿಟಕಿಯ ಕಡೆ ನೋಡಿಕೊಂಡೇ ಕೇಳಿದಳು, "ಟೈಲರ್ ಸತ್ತ ಕಾಗದದಲ್ಲಿ ಸರಿಯಾಗಿ ಎಂತ ಬರೆದಿತ್ತು?" ಸುಟ್ಟೆ ಎಂದೆ. "ಸುಟ್ಟರೆ ಎಂತ, ನಿನಗೆ ಒಮ್ಮೆ ಓದಿದ್ದು ಮರೆಯುವುದುಂಟಾ?" ಎಂದಳು.

ಮರೆತಿರಲಿಲ್ಲ. ಅವಳ ಕಿವಿಯ ಹತ್ತಿರ ಬಾಯಿಟ್ಟು ಮೊದಲಿನಿಂದ ಹೇಳಿದೆ. ತೆಂಗಿನಕಾಯಿ ಇಟ್ಟ ಪ್ರಯೋಗಾಲಯವನ್ನೂ ಹೇಳಿದೆ. ಆ ಶಬ್ದವನ್ನೂ ಹೇಳಿದೆ. ಅಮ್ಮ ನನ್ನ ಎಡಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕಿರುಬೆರಳನ್ನು ನೀವುತ್ತಾ ಇದ್ದಳು. ಅದು ಮಾತ್ರ ನನಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಮದುವೆಗೆ ಇನ್ನು ಹದಿನೈದು ದಿನ. ಮಾತ್ರೆ ಮತ್ತೆ ಶುರುವಾದದ್ದು ಮಾವನಿಗೆ ಗೊತ್ತಿಲ್ಲ. ಮಾತ್ರೆ ಹೊಗೆಸೊಪ್ಪಿನ ಡಬ್ಬಿಯ ತಳದಲ್ಲಿ ಉಂಟು. ಮದುವೆಯ ದಿನ ಮೊಣಕೈ ಮುಚ್ಚುವ ರವಿಕೆ ಹಾಕಿ ನಾನು ಒಳಕೋಣೆಯಲ್ಲೇ ಇರಬೇಕಂತೆ. ನೀಲಿ ಲಂಗವನ್ನು ಅಲ್ಲಿಯೇ ಉಡುತ್ತೇನೆ. ನಿನ್ನೆ ರಾತ್ರಿ ಅಮ್ಮ ಅಟ್ಟ ಹತ್ತಿ ನನ್ನ ಚಾಪೆಯನ್ನು ಕೆಳಗೆ ಎಸೆದಳು.

ಈ ಕಾಗದವನ್ನು ಅವಳ ಎದುರಿಗೇ ಬರೆಯುತ್ತಿದ್ದೇನೆ. ಬರೆದದ್ದನ್ನು ಬರೆದ ಹಾಗೆ ಓದಿ ಹೇಳಬೇಕಂತೆ. ಒಂದು ಸಾಲು ಬಿಟ್ಟರೂ ನನ್ನ ಕಣ್ಣಿನಿಂದಲೇ ಗೊತ್ತಾಗುತ್ತದೆ ಎಂದಿದ್ದಾಳೆ. ಬಸ್ಸಿನಲ್ಲಿಯೂ ನಾನು ಬಿಟ್ಟಿರಲಿಲ್ಲ. ಕಾಪು ಬಂದು ಎಲ್ಲರೂ ಎದ್ದರು, ನಾವು ಏಳಲಿಲ್ಲ. ಇನ್ನೊಂದು ಸಾಲು ಉಳಿದಿತ್ತು. ಅದನ್ನೂ ಹೇಳಿದೆ: ಈ ಕಾಗದವನ್ನು ಮಗುವಿಗೆ ತೋರಿಸಬೇಡಿ.

ಸುಭಾಷಿಣಿ
ವಾರಿಜಾ